ಪೈಲ್ವಾನನೂ ನಿಯಮಗ್ರಂಥವೂ

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಪಕ್ಕದ ಕೊಠಡಿಯಲ್ಲಿ ಶನಿವಾರ ಮಧ್ಯಾಹ್ನ ಐದಾರು ಮಂದಿ ವಿದ್ಯಾರ್ಥಿಗಳು ಸೇರಿ ಒಂದು ಆಟವನ್ನು ಆಡುವುದುಂಟು. ಅದಕ್ಕೆ ಚೆಂಡು ಬೇಡ, ಬಯಲು ಬೇಡ. ಕೆಲವು ಹಾಳೆ, ಸೀಸದಕಡ್ಡಿ, ಬಗೆಬಗೆಯ ಮುಖಗಳುಳ್ಳ ದಾಳಗಳು, ಒಂದು ದಪ್ಪ ನಿಯಮಗ್ರಂಥ, ಇಷ್ಟಿದ್ದರೆ ಸಾಕು. ಕಳೆದ ವರ್ಷ ಒಂದು ಶನಿವಾರ ಆ ಕೊಠಡಿಯಿಂದ ಎಂದಿಗಿಂತ ಹೆಚ್ಚಿನ ಗದ್ದಲ ಕೇಳಿಬಂದಿತು. ಹೋಗಿ ನೋಡಿದರೆ ಆಟ ನಿಂತಿತ್ತು, ವಾದ ನಡೆದಿತ್ತು. ಒಬ್ಬ ವಿದ್ಯಾರ್ಥಿನಿಯು ತನ್ನ ಹಾಳೆಯನ್ನು ಮಡಿಸಿ ಚೀಲದೊಳಕ್ಕೆ ಹಾಕಿಕೊಂಡು, "ಹಾಗಾದರೆ ಇನ್ನು ಮುಂದೆ ನನಗೆ ಇಲ್ಲಿ ಕೆಲಸವಿಲ್ಲ" ಎಂದು ಎದ್ದು ನಿಂತಿದ್ದಳು.

ವ್ಯಾಜ್ಯದ ಮೂಲ ಹೀಗಿತ್ತು. ಮೈಸೂರಿನ ಕಡೆಯ ಒಬ್ಬ ಹುಡುಗನು ಆಟದಲ್ಲಿ ತನ್ನ ಪಾತ್ರವನ್ನು ಗರಡಿಮನೆಯ ಪೈಲ್ವಾನನೆಂದು ಕಲ್ಪಿಸಿಕೊಂಡಿದ್ದನು. ಈ ಪೈಲ್ವಾನನು ಆಯುಧವನ್ನು ಮುಟ್ಟುವವನಲ್ಲ. ಹೊಟ್ಟೆತುಂಬ ಉಣ್ಣುವುದೆಂದರೆ ಅವನಿಗೆ ಪರಮಾನಂದ. ತನ್ನ ಹಳ್ಳಿಯ ಮಾತನ್ನು ಬಿಟ್ಟರೆ ಬೇರೆ ಮಾತು ಅವನಿಗೆ ಬಾರದು. ಆದುದರಿಂದ ಪರದೇಶಗಳಲ್ಲಿ ಅವನ ಜೊತೆಗೆ ಒಬ್ಬ ದುಭಾಷಿ ಇರಲೇಬೇಕು. ಆ ದುಭಾಷಿಯ ಪಾತ್ರವನ್ನು ಈ ವಿದ್ಯಾರ್ಥಿನಿಯು ವಹಿಸಿದ್ದಳು. ಪೈಲ್ವಾನನು ರಾಜನ ಮುಂದೆ ಒರಟಾಗಿ ಏನನ್ನೋ ಹೇಳುವುದು, ದುಭಾಷಿಯು ಅದನ್ನು ನಯವಾಗಿ ಬೇರೆಯೇ ಮಾಡಿ ತಿಳಿಸುವುದು, ಎರಡು ವರ್ಷಗಳಿಂದ ಆ ಗುಂಪಿನ ಸಂತೋಷದ ಅರ್ಧ ಭಾಗ ಇದೇ ಆಗಿತ್ತು. ಆ ದಿನ ಪೈಲ್ವಾನನು ಹನ್ನೆರಡನೆಯ ಮಟ್ಟದಿಂದ ಹದಿಮೂರನೆಯ ಮಟ್ಟಕ್ಕೆ ಏರಿದನು. ಗ್ರಂಥವನ್ನು ತೆರೆದು ನೋಡಿದರೆ, ಆ ಮಟ್ಟದಲ್ಲಿ ಅವನಿಗೆ ಲೋಕದ ಮಾತನಾಡುವ ಭಾಷೆಗಳೆಲ್ಲವೂ ತಾವಾಗಿಯೇ ತಿಳಿಯುತ್ತವೆ! ಅವನ ಮಾತೂ ಭಾಷೆಯುಳ್ಳ ಪ್ರತಿಯೊಂದು ಜೀವಿಗೂ ಅರ್ಥವಾಗುತ್ತದೆ! ದುಭಾಷಿಗೆ ಇನ್ನೇನು ಕೆಲಸ?

"ನೀವೇ ತೀರ್ಮಾನ ಹೇಳಿ ಸಾರ್" ಎಂದರು. ನನಗೆ ಆ ಆಟದ ಪರಿಚಯ ಅಷ್ಟಕ್ಕಷ್ಟೆ. ಒಂದು ವಾರದ ಅವಧಿ ಕೇಳಿ, ಗ್ರಂಥವನ್ನು ಮನೆಗೆ ತಂದೆನು. ಒಂದು ಗ್ರಂಥ ಹತ್ತಾಯಿತು. ಆಗ ತಿಳಿದುಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಇದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಟಗಾರರಲ್ಲಿ ಒಬ್ಬನು ಸೂತ್ರಧಾರ. ಕಲ್ಪಿತವಾದ ಒಂದು ಲೋಕವನ್ನು, ಅದರಲ್ಲಿನ ಗುಹೆ, ಕೋಟೆ, ರಾಕ್ಷಸರನ್ನು ಅವನು ಬಾಯಿಮಾತಿನಲ್ಲಿ ವರ್ಣಿಸುತ್ತಾನೆ. ಉಳಿದವರಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ತಮ್ಮ ಪಾತ್ರವು ಏನು ಮಾಡುವುದೆಂಬುದನ್ನು ಹೇಳುತ್ತಾರೆ. ಕಾರ್ಯ ಸಿದ್ಧಿಸುವುದೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುತ್ತದೆ. ಪ್ರತಿಯೊಂದು ಪಾತ್ರವೂ ಒಂದು ವರ್ಗಕ್ಕೆ ಸೇರಿರಬೇಕು: ಯೋಧ, ಮಾಂತ್ರಿಕ, ಕಳ್ಳ, ಇತ್ಯಾದಿ. ಅನುಭವ ಹೆಚ್ಚಿದಂತೆ ಪಾತ್ರವು ಮಟ್ಟದಿಂದ ಮಟ್ಟಕ್ಕೆ ಏರುತ್ತದೆ. ಯಾವ ವರ್ಗಕ್ಕೆ ಯಾವ ಮಟ್ಟದಲ್ಲಿ ಯಾವ ಶಕ್ತಿ ದೊರೆಯುವುದೆಂಬುದು ಗ್ರಂಥದಲ್ಲಿ ಮುಂಚಿತವಾಗಿಯೇ ಬರೆದಿದೆ. ಪಾತ್ರವು ಎಂಥ ಮನುಷ್ಯ, ಎಲ್ಲಿಂದ ಬಂದವನು, ಯಾವುದನ್ನು ಪ್ರೀತಿಸುವನು, ಯಾವುದಕ್ಕೆ ಹೆದರುವನು ಎಂಬುದು ಮಾತ್ರ ಆಟಗಾರನ ಕಲ್ಪನೆಗೆ ಬಿಟ್ಟದ್ದು. ವರ್ಗ ಗ್ರಂಥದ್ದು, ಮನುಷ್ಯ ಆಟಗಾರನವನು. ಇವೆರಡೂ ಒಂದನ್ನೊಂದು ಒಪ್ಪದಿದ್ದರೆ?

ಚದುರಂಗದಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ಹಾಗೆ ತಿರುಗಲು ಅದಕ್ಕೆ ಇಷ್ಟವಿದೆಯೇ ಎಂದು ಯಾರೂ ಕೇಳುವುದಿಲ್ಲ. ಏಕೆಂದರೆ ಆ ನಡೆಯನ್ನು ಬಿಟ್ಟು ಕುದುರೆಗೆ ಬೇರೆ ಸ್ವಭಾವವೇ ಇಲ್ಲ. ನಮ್ಮ ಪ್ರಕೃತ ಆಟವೂ ಹುಟ್ಟಿದ್ದು ಇಂಥ ಕಾಯಿಗಳಿಂದಲೇ. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ಸೈನ್ಯಾಧಿಕಾರಿಗಳ ಶಿಕ್ಷಣಕ್ಕಾಗಿ ಭೂಪಟದ ಮೇಲೆ ಆಡುವ ಸಮರಕ್ರೀಡೆಯೊಂದನ್ನು ಪ್ರಕಟಿಸಿದನು. ಅದರಲ್ಲಿ ಒಂದು ಕಾಯಿ ಎಂದರೆ ಒಂದು ದಳ. ಅದರ ಸಂತತಿ ಬೆಳೆದು ಅಮೆರಿಕವನ್ನೂ ಮುಟ್ಟಿತು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಎಂಬುವರು ಚೈನ್‌ಮೇಲ್ ಎಂಬ ಮಧ್ಯಯುಗದ ಸಮರಕ್ರೀಡೆಯ ನಿಯಮಗಳನ್ನು ಹೊರತಂದರು. ಅದರ ಅನುಬಂಧದಲ್ಲಿ ಮಾಂತ್ರಿಕರೂ ಡ್ರ್ಯಾಗನ್ನುಗಳೂ ಬಂದವು; ವೀರ ಎಂಬ ಕಾಯಿಯೂ ಬಂದಿತು. ವೀರನೆಂದರೆ ಯಾರು? ನಾಲ್ಕು ಜನ ಸಾಮಾನ್ಯ ಸೈನಿಕರಿಗೆ ಸಮನಾದವನು. ಮಹಾವೀರನು ಎಂಟು ಜನಕ್ಕೆ ಸಮ. ಅಷ್ಟೆ ಅವನ ಚರಿತ್ರೆ.

ಅದೇ ಸುಮಾರಿಗೆ ಮಿನೆಸೋಟ ಪ್ರಾಂತದಲ್ಲಿ ಡೇವ್ ಆರ್ನೆಸನ್ ಎಂಬುವರು ತಮ್ಮ ಗೆಳೆಯರಿಗೆ ದಳಗಳ ಬದಲು ಒಬ್ಬೊಬ್ಬರಿಗೆ ಒಬ್ಬೊಬ್ಬ ವ್ಯಕ್ತಿಯನ್ನು ಕೊಟ್ಟು ಆಡಿಸತೊಡಗಿದರು. ಬ್ಲಾಕ್‌ಮೂರ್ ಎಂಬುದು ಅವರ ಕಲ್ಪಿತ ನಾಡು. ಗೈಗ್ಯಾಕ್ಸ್ ಮತ್ತು ಆರ್ನೆಸನ್ ಕೂಡಿ 1974ರಲ್ಲಿ ವಿಸ್ಕಾನ್ಸಿನ್ನಿನ ಲೇಕ್ ಜಿನೀವ ಎಂಬ ಊರಿನಿಂದ ಮೂರು ಕಿರುಹೊತ್ತಗೆಗಳ ಒಂದು ಪೆಟ್ಟಿಗೆಯನ್ನು ಪ್ರಕಟಿಸಿದರು. ಮೊದಲ ಮುದ್ರಣ 1000 ಪ್ರತಿ. ಇದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಇದರ ಯೋಧನು ನಾಲ್ಕನೆಯ ಮಟ್ಟವನ್ನು ಮುಟ್ಟಿದಾಗ ಅವನಿಗೆ ವೀರನೆಂದೂ ಎಂಟನೆಯ ಮಟ್ಟದಲ್ಲಿ ಮಹಾವೀರನೆಂದೂ ಬಿರುದು. ಆ ನಾಲ್ಕು ಮತ್ತು ಎಂಟು ಎಲ್ಲಿಂದ ಬಂದವೆಂಬುದು ಈಗ ಸ್ಪಷ್ಟ. ಕಾಯಿಯು ಮನುಷ್ಯನಾಯಿತು, ಆದರೆ ಕಾಯಿಯ ನಿಯಮಗಳು ಅವನ ಬೆನ್ನಿಗೆ ಅಂಟಿಕೊಂಡೇ ಬಂದವು. ಹದಿಮೂರನೆಯ ಮಟ್ಟದ ಪೈಲ್ವಾನನ ಕಷ್ಟ ಅಲ್ಲಿಂದಲೇ ಆರಂಭವಾಯಿತೆಂದು ನನಗೆ ತೋರುತ್ತದೆ.

ಆದರೆ ಕಾಯಿಯ ನಿಯಮ ಮಾತ್ರವೇ ಆಗಿದ್ದರೆ ಇಷ್ಟು ತೊಡಕು ಆಗುತ್ತಿರಲಿಲ್ಲ. ನಾಲ್ಕು ಜನರ ಬಲವುಳ್ಳವನು ಯಾವ ಸ್ವಭಾವದವನಾದರೂ ಆಗಿರಬಹುದು. ತೊಡಕು ಬಂದುದು ವರ್ಗಗಳು ಹೆಚ್ಚಿದಾಗ. ಹೊಸ ವರ್ಗವೊಂದನ್ನು ರಚಿಸುವವನು ಶೂನ್ಯದಿಂದ ರಚಿಸುವುದಿಲ್ಲ. ತನಗೆ ಪ್ರಿಯವಾದ ಯಾವನೋ ಒಬ್ಬ ಕಥಾನಾಯಕನನ್ನು ಕಣ್ಣಮುಂದೆ ಇಟ್ಟುಕೊಂಡು ರಚಿಸುತ್ತಾನೆ. ಇದಕ್ಕೆ ರೇಂಜರ್ ಎಂಬ ವರ್ಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಲಿಲ್ಲ. ಅರಣ್ಯಗಳಲ್ಲಿ ಅಲೆಯುವ, ಹೆಜ್ಜೆಗುರುತು ಹಿಡಿದು ಶತ್ರುವನ್ನು ಬೆನ್ನಟ್ಟುವ ಈ ಬೇಟೆಗಾರನು 1975ರಲ್ಲಿ ದಿ ಸ್ಟ್ರಾಟೆಜಿಕ್ ರಿವ್ಯೂ ಎಂಬ ಪತ್ರಿಕೆಯಲ್ಲಿ ಮೊದಲು ಕಾಣಿಸಿಕೊಂಡನು. ಟಾಲ್ಕಿನ್ನರ ಲಾರ್ಡ್ ಆಫ್ ದಿ ರಿಂಗ್ಸ್ ಕಾದಂಬರಿಯ ಅರಗಾರ್ನನೇ ಇವನ ಮಾತೃಕೆ. 1978ರ ಗ್ರಂಥದಲ್ಲಿ ಈ ರೇಂಜರನು ಹತ್ತನೆಯ ಮಟ್ಟವನ್ನು ಮುಟ್ಟಿದಾಗ, ದೂರದ ಸಂಗತಿಗಳನ್ನು ಕಾಣಿಸುವ ಕೇಳಿಸುವ ಮಾಯಾವಸ್ತುಗಳನ್ನು ಬಳಸಬಲ್ಲನೆಂದು ಬರೆದಿದೆ. ಕಾಡಿನ ಬೇಟೆಗಾರನಿಗೂ ಸ್ಫಟಿಕದ ಗೋಳಕ್ಕೂ ಏನು ಸಂಬಂಧ? ಏನೂ ಇಲ್ಲ. ಸಂಬಂಧವಿದ್ದುದು ಅರಗಾರ್ನನಿಗೆ, ಕಥೆಯ ಒಂದು ಘಟ್ಟದಲ್ಲಿ ಅವನು ಅಂಥದೊಂದು ಗೋಳದೊಳಗೆ ನೋಡುತ್ತಾನೆ. ಅವನು ಅಜ್ಞಾತವಾಸದಲ್ಲಿದ್ದ ರಾಜವಂಶದವನು. ಆ ಗೋಳವನ್ನು ನೋಡುವ ಹಕ್ಕು ಅವನಿಗೆ ಪಿತ್ರಾರ್ಜಿತವಾಗಿ ಬಂದುದು. ಬೇಟೆಗಾರರೆಲ್ಲರಿಗೂ ಆ ಒಬ್ಬನ ಪಿತ್ರಾರ್ಜಿತವು ಹಂಚಿಕೆಯಾಯಿತು!

ಮೂವರಿಗಿಂತ ಹೆಚ್ಚು ರೇಂಜರುಗಳು ಒಟ್ಟಿಗೆ ಸಂಚರಿಸಬಾರದು, ತಾನೂ ತನ್ನ ಕುದುರೆಯೂ ಹೊರಬಲ್ಲಷ್ಟಕ್ಕಿಂತ ಹೆಚ್ಚು ಆಸ್ತಿಯನ್ನು ಇಟ್ಟುಕೊಳ್ಳಬಾರದು ಎಂಬ ಕಟ್ಟಳೆಗಳೂ ಅದೇ ಗ್ರಂಥದಲ್ಲಿವೆ. ಒಂಟಿ ಅಲೆಮಾರಿಯ ಚಿತ್ರಕ್ಕೆ ಇವು ಒಪ್ಪುತ್ತವೆ. ಊರಿನಲ್ಲಿ ಹೆಂಡತಿಮಕ್ಕಳಿರುವ, ಪೈರಿಗೆ ಬೀಳುವ ಕಾಡುಪ್ರಾಣಿಗಳನ್ನು ಅಟ್ಟುವ ಬೇಟೆಗಾರನನ್ನು ಕಲ್ಪಿಸಿಕೊಂಡವನು ಏನು ಮಾಡಬೇಕು?

ಮುಂದೆ ಆದುದು ಇನ್ನೂ ಸೋಜಿಗ. 1989ರ ಎರಡನೆಯ ಆವೃತ್ತಿಯಲ್ಲಿ ರೇಂಜರನಿಗೆ ಎರಡು ಕೈಗಳಲ್ಲಿಯೂ ಆಯುಧ ಹಿಡಿದು ಹೋರಾಡುವ ವಿಶೇಷ ಶಕ್ತಿ ಬಂದಿತು. 2000ದ ಮೂರನೆಯ ಆವೃತ್ತಿಯೂ ಇದನ್ನು ಉಳಿಸಿಕೊಂಡಿತು. ಬೇಟೆಗಾರನೆಂದೊಡನೆ ಬಿಲ್ಲನ್ನು ನೆನೆಯುವವರೇ ಹೆಚ್ಚು. ಅಂಥವನು ಈ ವರ್ಗವನ್ನು ಆರಿಸಿಕೊಂಡರೆ, ಜೀವಮಾನದಲ್ಲಿ ಎಂದೂ ಮುಟ್ಟದ ಎರಡನೆಯ ಕತ್ತಿಯ ವಿದ್ಯೆಯನ್ನು ಹೊತ್ತು ತಿರುಗಬೇಕಾಗಿತ್ತು. 2003ರ ಪರಿಷ್ಕರಣೆಯಲ್ಲಿ ಬಿಲ್ಲೋ ಎರಡು ಕತ್ತಿಯೋ ಯಾವುದಾದರೊಂದನ್ನು ಆಯ್ದುಕೊಳ್ಳಿರೆಂದು ಗ್ರಂಥವೇ ದಾರಿ ಬಿಟ್ಟಿತು.

ಕ್ಲೆರಿಕ್ ಎಂಬ ವರ್ಗವನ್ನು ನೋಡಿ. ಕ್ಲೆರಿಕ್ ಎಂದರೆ ದೇವರ ಸೇವೆಗೆ ನಿಂತ ಯೋಧ. ಆರ್ನೆಸನ್ನರ ಮೇಜಿನಲ್ಲಿ ಒಬ್ಬ ಆಟಗಾರನ ರಕ್ತಪಿಶಾಚಿಯು ಅತಿ ಬಲಿಷ್ಠವಾಗಿ ಬೆಳೆದಾಗ, ಅದಕ್ಕೆ ಪ್ರತಿಯಾಗಿ ಹುಟ್ಟಿಸಿದ ಪಾತ್ರ ಇದು. ಆದುದರಿಂದಲೇ ಪ್ರೇತಪಿಶಾಚಿಗಳನ್ನು ಹೆದರಿಸಿ ಓಡಿಸುವ ಶಕ್ತಿ ಅವನಿಗೆ ಮೊದಲಿನಿಂದಲೇ ಉಂಟು. ಪಿಶಾಚಿಯ ಬೇಟೆಗಾರನಿಗೆ ಇದು ತಕ್ಕದ್ದೇ. ಆದರೆ ಆಟದ ಲೋಕದಲ್ಲಿ ಕ್ರಮೇಣ ನೂರಾರು ದೇವತೆಗಳು ಬಂದರು. ಸುಗ್ಗಿಯ ದೇವತೆ, ಕಡಲಿನ ದೇವತೆ, ವ್ಯಾಪಾರದ ದೇವತೆ. ವ್ಯಾಪಾರದ ದೇವತೆಯ ಅರ್ಚಕನು ಎದುರಿಗೆ ಬಂದರೆ ಪ್ರೇತವೇಕೆ ಓಡಬೇಕು? ಸಾಲ ಕೇಳುವನೆಂಬ ಭಯದಿಂದಲೋ ಏನೋ. ಇನ್ನು ಅವನ ಆಯುಧ. ಹರಿತವಾದ ಆಯುಧವನ್ನು ಕ್ಲೆರಿಕ್ ಹಿಡಿಯಕೂಡದು, ಗದೆಯನ್ನು ಹಿಡಿಯಬಹುದು. 1066ರ ಹೇಸ್ಟಿಂಗ್ಸ್ ಯುದ್ಧವನ್ನು ಚಿತ್ರಿಸುವ ಬಾಯೂ ಕಸೂತಿಪಟದಲ್ಲಿ ಓಡೊ ಎಂಬ ಬಿಷಪ್ಪನ ಕೈಯಲ್ಲಿ ಗದೆಯಂಥ ದೊಣ್ಣೆಯಿದೆ. ಪಾದ್ರಿಗಳು ರಕ್ತ ಹರಿಸಬಾರದೆಂದು ಹೀಗೆ ಮಾಡುತ್ತಿದ್ದರೆಂಬ ಒಂದು ಪ್ರತೀತಿ ಬೆಳೆದಿತ್ತು. ಗದೆಯಿಂದ ತಲೆ ಒಡೆದರೆ ರಕ್ತ ಬಾರದೇ ಎಂದು ಯಾರೂ ಕೇಳಿದಂತಿಲ್ಲ. ಅದಿರಲಿ, ಕತ್ತಿಯೇ ಲಾಂಛನವಾಗಿರುವ ಯುದ್ಧದೇವತೆಯ ಅರ್ಚಕನೂ ಕತ್ತಿಯನ್ನು ಮುಟ್ಟುವಂತಿಲ್ಲವೆಂದಾಗ ನಿಯಮದ ಅಸಂಗತತೆ ಎಲ್ಲರ ಕಣ್ಣಿಗೂ ಬಿದ್ದಿತು. ಮುಂದಿನ ಆವೃತ್ತಿಗಳು ಇದನ್ನು ಹಂತಹಂತವಾಗಿ ಸಡಿಲಿಸಿದವು.

ಇಲ್ಲಿಯವರೆಗೆ ಹೇಳಿದ ವಿರೋಧಗಳೆಲ್ಲ ಒಂದೇ ಜಾತಿಯವಲ್ಲ ಎಂಬುದನ್ನು ವಾಚಕರು ಗಮನಿಸಿರಬಹುದು. ಬಿಲ್ಲುಗಾರನ ಎರಡನೆಯ ಕತ್ತಿಯಿಂದ ಆಗುವುದು ಬರಿಯ ನಷ್ಟ. ಅದನ್ನು ಬಳಸದೆ ಬಿಟ್ಟರೆ ಪಾತ್ರದ ಚಿತ್ರಕ್ಕೆ ಭಂಗವಿಲ್ಲ. ಉಳಿದವರಿಗಿಂತ ಒಂದು ಶಕ್ತಿ ಕಡಮೆಯಾಯಿತು, ಅಷ್ಟೆ. ಮೂರನೆಯ ಆವೃತ್ತಿಯ ಪ್ಯಾಲಡಿನ್ ಎಂಬ ಧರ್ಮವೀರನಿಗೆ ಐದನೆಯ ಮಟ್ಟದಲ್ಲಿ ಒಂದು ದಿವ್ಯ ಕುದುರೆ ದೊರೆಯುತ್ತಿತ್ತು. ಆಟದ ಹೆಸರಿನಲ್ಲಿಯೇ ನೆಲಮಾಳಿಗೆ ಇದೆ. ನೆಲಮಾಳಿಗೆಯೊಳಕ್ಕೆ ಕುದುರೆಯನ್ನು ಇಳಿಸುವುದು ಹೇಗೆ? ಪಾಪ, ಅದು ಹೊರಗೆ ಹುಲ್ಲು ಮೇಯುತ್ತ ನಿಲ್ಲಬೇಕಾಗಿತ್ತು. 2003ರಲ್ಲಿ ಅದನ್ನು ಬೇಕಾದಾಗ ದೇವಲೋಕದಿಂದ ಕರೆಸಿಕೊಂಡು ಕೆಲವು ಗಂಟೆಗಳ ಮೇಲೆ ಹಿಂದಕ್ಕೆ ಕಳುಹಿಸುವಂತೆ ತಿದ್ದಿದರು. ಇದೂ ನಷ್ಟದ ಜಾತಿಯೇ.

ಇದಕ್ಕಿಂತ ಗಂಭೀರವಾದದ್ದು, ಬೇಡವೆಂದರೂ ಬಿಡದ ಗುಣ. 2000ದ ಗ್ರಂಥದ ಬಾರ್ಬೇರಿಯನ್, ಅಂದರೆ ಕೋಪಾವೇಶದಿಂದ ಕಾದಾಡುವ ನಾಡಾಡಿ ವೀರನು, ಹುಟ್ಟಿನಿಂದ ನಿರಕ್ಷರಿ. ಉಳಿದ ಎಲ್ಲ ವರ್ಗಗಳಿಗೂ ಅಕ್ಷರ ಬರುತ್ತದೆ, ಇವನೊಬ್ಬನಿಗೆ ಬಾರದು. ಓದು ಕಲಿಯಬೇಕಾದರೆ ಬೇರೆ ವಿದ್ಯೆಗೆಂದು ಇಟ್ಟಿದ್ದ ಎರಡು ಅಂಕಗಳನ್ನು ತೆರಬೇಕು. ರಾಜಕುಮಾರನೊಬ್ಬನು ಮುಂಗೋಪಿಯಾಗಿರಬಾರದೇ? ಆಗಿದ್ದರೆ ಅವನು ಪಾಠಶಾಲೆಯ ಶುಲ್ಕವನ್ನು ಬೇರೆ ಕೊಡಬೇಕು. ಮತ್ತೂ ಒಂದು ವಿನೋದವಿದೆ. ಈ ನಿರಕ್ಷರಿಯು ಬೇರೆ ಯಾವುದಾದರೂ ವರ್ಗದಲ್ಲಿ ಒಂದು ಮಟ್ಟ ಗಳಿಸಿದೊಡನೆ ಅಕ್ಷರಸ್ಥನಾಗುತ್ತಾನೆ. ಜೇಬುಗಳ್ಳತನವನ್ನು ಕಲಿತರೂ ಸಾಕು, ಓದು ತಾನಾಗಿ ಬರುತ್ತದೆ. ವಯಸ್ಕರ ಶಿಕ್ಷಣಕ್ಕೆ ಇಂಥ ಸುಲಭೋಪಾಯ ನಮ್ಮ ವಿದ್ಯಾ ಇಲಾಖೆಗೂ ಹೊಳೆದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಸಂಗ ಡ್ರೂಯಿಡ್ ಎಂಬ ವರ್ಗದ್ದು. ಇವನು ಪ್ರಕೃತಿಯ ಉಪಾಸಕ. ಪ್ರಾಣಿಗಳ ರೂಪವನ್ನು ತಾಳಬಲ್ಲವನು. ಲೋಹದ ಕವಚವನ್ನು ಇವನು ತೊಡುವಂತಿಲ್ಲ. ಲೋಹವು ಪ್ರಕೃತಿಗೆ ಹೊರತಾದುದೆಂಬ ಭಾವನೆ ಇರಬಹುದು. ಭೂಮಿಯಲ್ಲಿಯೇ ಸಿಕ್ಕುವ ಕಬ್ಬಿಣವು ಪ್ರಕೃತಿಗೆ ಹೇಗೆ ಹೊರತಾಯಿತೋ ವಿಜ್ಞಾನದ ವಿದ್ಯಾರ್ಥಿಗಳು ಯೋಚಿಸಲಿ. ಅದೂ ಅಲ್ಲದೆ ಸಿಮಿಟರ್ ಎಂಬ ಬಾಗುಕತ್ತಿಯನ್ನು ಇದೇ ಡ್ರೂಯಿಡನು ಧಾರಾಳವಾಗಿ ಹಿಡಿಯಬಹುದು. ಇರಲಿ. 2000ದ ಗ್ರಂಥವು ಈ ನಿಷೇಧವನ್ನು ಹೇಳಿದ ರೀತಿ ಹೀಗೆ: ಲೋಹದ ಕವಚವನ್ನು ತೊಟ್ಟರೆ ಅವನ ಮಂತ್ರಶಕ್ತಿ ಉಡುಗುತ್ತದೆ, ಕಳಚಿದ ಮೇಲೂ 24 ಗಂಟೆಗಳ ಕಾಲ ಹಿಂದಿರುಗುವುದಿಲ್ಲ. ಇದು ನಿಸರ್ಗದ ನಿಯಮದಂತಿದೆ. ಬೆಂಕಿಯನ್ನು ಮುಟ್ಟಿದರೆ ಸುಡುತ್ತದೆ ಎಂಬಂತೆ. ಮುಟ್ಟುವುದು ಬಿಡುವುದು ನಿಮಗೆ ಸೇರಿದ್ದು. 2014ರ ಐದನೆಯ ಆವೃತ್ತಿಯು ಬೇರೆ ರೀತಿಯಲ್ಲಿ ಹೇಳಿತು: ಡ್ರೂಯಿಡರು ಲೋಹದ ಕವಚವನ್ನು ತೊಡುವುದಿಲ್ಲ. ತೊಟ್ಟರೆ ಏನಾಗುವುದೆಂಬ ಮಾತೇ ಇಲ್ಲ. ಏಕೆಂದರೆ, ಗ್ರಂಥದ ಅಭಿಪ್ರಾಯದಲ್ಲಿ, ಅವರು ತೊಡುವುದೇ ಇಲ್ಲ!

ಈ ಎರಡು ವಾಕ್ಯಗಳಿಗೆ ಇರುವ ಅಂತರವನ್ನು ಗಮನಿಸಬೇಕು. ಮೊದಲನೆಯದು ಲೋಕವನ್ನು ಕುರಿತದ್ದು, ಎರಡನೆಯದು ಪಾತ್ರದ ಮನಸ್ಸನ್ನು ಕುರಿತದ್ದು. ಯಾವುದು ಸಾಧ್ಯ, ಯಾವುದಕ್ಕೆ ಏನು ಬೆಲೆ ಎಂದು ಹೇಳುವ ಅಧಿಕಾರ ನಿಯಮಗ್ರಂಥಕ್ಕೆ ಇರಲೇಬೇಕು. ಇಲ್ಲದಿದ್ದರೆ ಆಟವೇ ಇಲ್ಲ. ಆದರೆ ಪಾತ್ರಕ್ಕೆ ಏನು ಇಷ್ಟ, ಅದು ಏನು ಮಾಡಲು ಒಪ್ಪುತ್ತದೆ ಎಂಬ ಒಂದೇ ಒಂದು ಸಂಗತಿಯನ್ನು ಆಟಗಾರನಿಗೆ ಬಿಟ್ಟಿತ್ತಲ್ಲವೇ? ಅದನ್ನೂ ಗ್ರಂಥವು ಕೈಗೆತ್ತಿಕೊಂಡರೆ ಮೇಜಿನ ಮುಂದೆ ಕುಳಿತವನಿಗೆ ದಾಳ ಉರುಳಿಸುವುದು ಮಾತ್ರ ಉಳಿಯುತ್ತದೆ. ಕಮ್ಮಾರನ ಮನೆಯಲ್ಲಿ ಹುಟ್ಟಿ, ಗಣಿಯ ಆಳದಲ್ಲಿಯೇ ಪ್ರಕೃತಿಯನ್ನು ಕಂಡ ಡ್ರೂಯಿಡನನ್ನು ಕಲ್ಪಿಸಿಕೊಂಡವನಿಗೆ, "ನಿನ್ನ ಪಾತ್ರಕ್ಕೆ ಅದು ಇಷ್ಟವಿಲ್ಲ" ಎಂದು ಹೇಳುವವರು ಯಾರು? 2024ರ ಪರಿಷ್ಕೃತ ಗ್ರಂಥದಲ್ಲಿ ಈ ವಾಕ್ಯವನ್ನು ಕೈಬಿಟ್ಟಿದ್ದಾರೆ. ಸರಿಯಾದುದನ್ನೇ ಮಾಡಿದರೆಂದು ನನ್ನ ಭಾವನೆ.

ನಾನು ಪ್ರಥಮ ವರ್ಷದ ತರಗತಿಗೆ ನಿರ್ಬಂಧಬಲವನ್ನು ಪಾಠ ಮಾಡುವಾಗ, ತಂತಿಯಲ್ಲಿ ಪೋಣಿಸಿದ ಮಣಿಯ ಉದಾಹರಣೆಯನ್ನು ಕೊಡುತ್ತೇನೆ. ಮಣಿಯು ತಂತಿಯ ಉದ್ದಕ್ಕೆ ಮಾತ್ರ ಜಾರಬಲ್ಲುದು. ಅದು ತಾನಾಗಿ ಯಾವ ಹಾದಿಯನ್ನು ಹಿಡಿಯುತ್ತಿತ್ತೋ ಅದೇ ಹಾದಿಯಲ್ಲಿ ತಂತಿಯೂ ಬಾಗಿದ್ದರೆ, ತಂತಿಯು ಮಣಿಯನ್ನು ಒತ್ತುವುದೇ ಇಲ್ಲ. ತಂತಿ ಇದೆಯೆಂಬುದೇ ಮಣಿಗೆ ತಿಳಿಯದು. ಹಾದಿಗಳು ಅಗಲಿದ ಕ್ಷಣದಲ್ಲಿ ಒತ್ತಡ ಕಾಣಿಸಿಕೊಳ್ಳುತ್ತದೆ. ವರ್ಗವೂ ಅಂಥದೇ ಒಂದು ತಂತಿ, ಮಟ್ಟಗಳು ಅದರ ಮೇಲಿನ ಗುರುತುಗಳು. ಅರಗಾರ್ನನನ್ನೇ ಆಡಬೇಕೆಂದಿದ್ದವನಿಗೆ 1978ರ ರೇಂಜರನಲ್ಲಿ ಯಾವ ಒತ್ತಡವೂ ಕಾಣದು. ಸ್ಫಟಿಕಗೋಳವು ಸಿಕ್ಕಿದಾಗ ಅವನು ಹಿಗ್ಗುತ್ತಾನೆ. ನಮ್ಮ ಪೈಲ್ವಾನನೂ ಹನ್ನೆರಡು ಮಟ್ಟಗಳ ತನಕ ತಂತಿಯನ್ನು ಅರಿಯಲಿಲ್ಲ. ಬರಿಗೈಯಿಂದ, ಕವಚವಿಲ್ಲದೆ ಹೋರಾಡುವವರಿಗೆ ಈ ಆಟದಲ್ಲಿ ಇರುವ ಮುಖ್ಯ ವರ್ಗ ಮಾಂಕ್. 1975ರಲ್ಲಿ ಪೂರ್ವದೇಶಗಳ ಮಲ್ಲವಿದ್ಯೆಯ ಕಥೆಗಳಿಂದ ಬಂದುದು. ಮಾಂಕ್ ಎಂದರೆ ಸನ್ಯಾಸಿ. ಮೊದಲ ಹನ್ನೆರಡು ಮಟ್ಟಗಳಲ್ಲಿ ಸನ್ಯಾಸಿಯೂ ಪೈಲ್ವಾನನೂ ಹೆಚ್ಚುಕಡಮೆ ಜೊತೆಯಾಗಿ ನಡೆಯುತ್ತಾರೆ: ಚುರುಕು, ಪೆಟ್ಟು, ತಪ್ಪಿಸಿಕೊಳ್ಳುವ ಚಾತುರ್ಯ. ಹದಿಮೂರನೆಯ ಮಟ್ಟದಲ್ಲಿ ಸನ್ಯಾಸಿಯು ಇತರರ ಅಂತರಂಗವನ್ನು ಮುಟ್ಟಿ ಸರ್ವಭಾಷಾವಿದನಾಗುತ್ತಾನೆ. ಹದಿನೈದರಲ್ಲಿ ಅನ್ನನೀರುಗಳ ಅಗತ್ಯವನ್ನೂ ಮೀರುತ್ತಾನೆ. ಪೈಲ್ವಾನನಿಗೆ ಅನ್ನ ಬೇಡವಂತೆ!

ತಂತಿಯೇ ಬೇಡವೆಂದವರೂ ಉಂಟು. 1978ರಲ್ಲಿ ಬಂದ ರೂನ್‌ಕ್ವೆಸ್ಟ್ ಎಂಬ ಆಟದಲ್ಲಿ ವರ್ಗಗಳಿಲ್ಲ. ಪ್ರತಿಯೊಂದು ವಿದ್ಯೆಗೂ ಶೇಕಡಾವಾರು ಅಂಕವಿದೆ. ಬಳಸಿದ ವಿದ್ಯೆ ಬೆಳೆಯುತ್ತದೆ, ಬಳಸದ್ದು ಇದ್ದಲ್ಲಿಯೇ ಇರುತ್ತದೆ. ಕುಸ್ತಿಯಾಡುವವನು ಕುಸ್ತಿಯಲ್ಲಿ ಮುಂದುವರಿಯುತ್ತಾನೆ, ಎಂದಿಗೂ ಬೆಳಗಾಗುವುದರೊಳಗೆ ಪಂಡಿತನಾಗುವುದಿಲ್ಲ. 1981ರ ಚಾಂಪಿಯನ್ಸ್ ಎಂಬ ಆಟವು ಇನ್ನೂ ಜಾಣತನದ ಮಾರ್ಗವನ್ನು ಹಿಡಿಯಿತು: ಆಟಗಾರನು ಅಂಕಗಳನ್ನು ತೆತ್ತು ಪರಿಣಾಮವನ್ನು ಮಾತ್ರ ಕೊಂಡುಕೊಳ್ಳುತ್ತಾನೆ, ಕಾರಣವನ್ನು ತಾನೇ ಹೇಳಿಕೊಳ್ಳುತ್ತಾನೆ. ದೂರದಿಂದ ಇಂತಿಷ್ಟು ಪೆಟ್ಟು ಎಂಬುದು ನಿಯಮ. ಅದು ಮಿಂಚೋ ಮಂಜೋ ಮಂತ್ರವೋ ನಿಮ್ಮಿಷ್ಟ. 1986ರ ಗರ್ಪ್ಸ್ ಎಂಬುದೂ ಅಂಕಗಳನ್ನು ತೆತ್ತು ಪಾತ್ರವನ್ನು ಕಟ್ಟುವ ಆಟವೇ. ಇವುಗಳಲ್ಲಿ ನಮ್ಮ ವ್ಯಾಜ್ಯ ಬಹುಮಟ್ಟಿಗೆ ಹುಟ್ಟುವುದಿಲ್ಲ. ಆದರೆ ಬಯಲಿಗೂ ಒಂದು ಬೆಲೆಯಿದೆ. ಹೊಸಬನು ಮೊದಲ ದಿನವೇ ನೂರಾರು ಬಾಬ್ತುಗಳ ಪಟ್ಟಿಯನ್ನು ಹಿಡಿದು ಲೆಕ್ಕ ಹಾಕುತ್ತ ಕೂಡಬೇಕು. ವರ್ಗಗಳ ಆಟದಲ್ಲಾದರೆ "ನಾನು ಕಳ್ಳ" ಎಂದರೆ ಸಾಕು, ಅರ್ಧ ಗಂಟೆಯಲ್ಲಿ ಕಥೆ ಆರಂಭವಾಗುತ್ತದೆ. ಅದೂ ಅಲ್ಲದೆ, ತಾನು ಕೊಂಡುಕೊಂಡದ್ದರ ಹೊರತು ಬೇರೇನೂ ದೊರೆಯದ ಪಾತ್ರಕ್ಕೆ ಅನಿರೀಕ್ಷಿತವಾದ ವರವೂ ಇಲ್ಲ. ಬೇಡದೆ ಬಂದ ಶಕ್ತಿಯೊಂದು ಪಾತ್ರಕ್ಕೆ ಹೊಸ ತಿರುವನ್ನು ಕೊಟ್ಟ ಪ್ರಸಂಗಗಳನ್ನು ನನ್ನ ವಿದ್ಯಾರ್ಥಿಗಳೇ ಹೇಳಿದ್ದಾರೆ.

ವರ್ಗವನ್ನು ಇಟ್ಟುಕೊಂಡು ಸಾಮರ್ಥ್ಯವನ್ನು ಬದಲಿಸುವುದು ಮಧ್ಯಮ ಮಾರ್ಗ. 2014ರಲ್ಲಿ ಬಂದ ಸೂತ್ರಧಾರರ ಕೈಪಿಡಿಯೇ ಇದಕ್ಕೆ ಸಮ್ಮತಿಸುತ್ತದೆ. 2020ರಲ್ಲಿ ಬಂದ ಪೂರಕ ಗ್ರಂಥವೊಂದು ರೇಂಜರ್ ಮೊದಲಾದವರಿಗೆ ಇಂಥ ಬದಲಿಗಳನ್ನು ಅಚ್ಚುಹಾಕಿಯೇ ಕೊಟ್ಟಿತು. ಅಪಾಯವಿರುವುದು ತೂಕದಲ್ಲಿ. "ನನ್ನ ಪಾತ್ರಕ್ಕೆ ಒಪ್ಪುವುದಿಲ್ಲ" ಎಂಬ ನೆಪದಿಂದ ದುರ್ಬಲವಾದುದನ್ನು ಕೊಟ್ಟು ಪ್ರಬಲವಾದುದನ್ನು ಪಡೆಯುವ ವ್ಯಾಪಾರಿಗಳು ಯಾವ ಮೇಜಿನಲ್ಲಿಯೂ ಇರುತ್ತಾರೆ. ಉಳಿದವರು ತಮಗೆ ಬಂದುದರಲ್ಲಿಯೇ ತೃಪ್ತರಾಗಿದ್ದಾರೆಂಬುದನ್ನು ಮರೆಯಕೂಡದು.

ಮುಂದಿನ ಶನಿವಾರ ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಕೊಠಡಿಗೆ ಹೋದೆನು. ಗ್ರಂಥದ ಪರವಾದ ಸೂತ್ರಧಾರನ ವಾದ ಸರಳವಾಗಿತ್ತು: ಬಂದ ಶಕ್ತಿಯನ್ನು ಬೇಡವೆನ್ನುವುದೇಕೆ, ಬಳಸದೆ ಇದ್ದರಾಯಿತು. ಆದರೆ ಇದು ಬಿಲ್ಲುಗಾರನ ಎರಡನೆಯ ಕತ್ತಿಯಲ್ಲ. ಕತ್ತಿಯನ್ನು ಒರೆಯಲ್ಲಿ ಇಡಬಹುದು. ಕಿವಿಗೆ ಬಿದ್ದ ಮಾತು ಅರ್ಥವಾಗುವುದನ್ನು ತಡೆಯುವುದು ಹೇಗೆ? ಅರ್ಥವಾಗದಂತೆ ಪೈಲ್ವಾನನು ನಟಿಸಬಹುದಿತ್ತು. ಆಗ ಎರಡು ವರ್ಷ ತನ್ನ ಜೊತೆಗಿದ್ದ ದುಭಾಷಿಯನ್ನು ಅವನು ದಿನದಿನವೂ ವಂಚಿಸಬೇಕಾಗುತ್ತಿತ್ತು. "ನನ್ನ ಪೈಲ್ವಾನ ಸುಳ್ಳು ಹೇಳುವವನಲ್ಲ ಸಾರ್" ಎಂದನು ಹುಡುಗ. ಆ ಮಾತನ್ನು ಗ್ರಂಥದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೂ ಮೇಜಿನಲ್ಲಿ ಯಾರೂ ಅದನ್ನು ಅಲ್ಲಗಳೆಯಲಿಲ್ಲ.

ನಾನು ಚಾಂಪಿಯನ್ಸ್ ಆಟದ ಉಪಾಯವನ್ನು ವಿವರಿಸಿ, ಪರಿಣಾಮವನ್ನು ಇಟ್ಟುಕೊಂಡು ಕಾರಣವನ್ನು ಬದಲಿಸಿರೆಂದೆನು. ವಿದ್ಯಾರ್ಥಿನಿ ಒಪ್ಪಲಿಲ್ಲ. ಕಾರಣ ಯಾವುದಾದರೇನು, ಪರಿಣಾಮವೇ ತನ್ನ ಪಾತ್ರವನ್ನು ಹೊರಗೆ ಹಾಕುತ್ತಿದೆ ಎಂದಳು. ಅವಳು ಹೇಳಿದುದು ಸರಿ. ನಾನು ಒಂದು ವಾರವೆಲ್ಲ ಒಂದು ಪಾತ್ರಕ್ಕೂ ಅದರ ವರ್ಗಕ್ಕೂ ಇರುವ ವಿರೋಧವನ್ನು ಮಾತ್ರ ಯೋಚಿಸಿದ್ದೆನು. ಒಬ್ಬನ ವರ್ಗಕ್ಕೂ ಇನ್ನೊಬ್ಬಳ ಪಾತ್ರಕ್ಕೂ ವಿರೋಧ ಬರಬಹುದೆಂಬುದು ನನಗೆ ಹೊಳೆದಿರಲಿಲ್ಲ.

ಕೊನೆಗೆ ದಾರಿ ತೋರಿಸಿದವಳೂ ಅವಳೇ. ಕುಸ್ತಿಯಾಡುವವನು ಎದುರಾಳಿಯ ಭುಜವನ್ನೂ ಉಸಿರನ್ನೂ ನೋಡಿ ಅವನು ಮುಂದೆ ಏನು ಮಾಡುವನೆಂದು ತಿಳಿಯುತ್ತಾನಲ್ಲವೇ, ಹಾಗೆಯೇ ಪೈಲ್ವಾನನಿಗೆ ಜನರ ಮಾತು ತಿಳಿಯುವುದು ಬೇಡ, ಮನಸ್ಸಿನ ಇಂಗಿತ ತಿಳಿಯಲಿ ಎಂದಳು. ಎದುರಿಗಿರುವವನು ಕೋಪಗೊಂಡಿದ್ದಾನೋ ಹೆದರಿದ್ದಾನೋ ಮೋಸ ಮಾಡುತ್ತಿದ್ದಾನೋ ಅವನು ಬಲ್ಲನು; ಏನು ಹೇಳಿದನೆಂಬುದನ್ನು ದುಭಾಷಿಯೇ ತಿಳಿಸಬೇಕು. ಸರ್ವಭಾಷೆಗಿಂತ ಇದು ಕಡಮೆಯ ಶಕ್ತಿಯೆಂದು ಲೆಕ್ಕ ಹಾಕಿ, ಸೂತ್ರಧಾರನು ತೂಕ ಸರಿದೂಗಿಸಲು ಕಾಳಗದಲ್ಲಿಯೂ ದಿನಕ್ಕೆ ಮೂರು ಬಾರಿ ಎದುರಾಳಿಯ ಮುಂದಿನ ನಡೆಯನ್ನು ಮುಂಚಿತವಾಗಿ ತಿಳಿಯುವ ಅವಕಾಶವನ್ನು ಸೇರಿಸಿದನು. ವಿದ್ಯಾರ್ಥಿನಿಯು ಚೀಲದಿಂದ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಅಂದಿನಿಂದ ಆ ಇಬ್ಬರ ಆಟದಲ್ಲಿ ಹೊಸದೊಂದು ವಿನೋದ ಸೇರಿತು: ದುಭಾಷಿಯು ನಯವಾಗಿ ಬದಲಿಸಿ ಹೇಳುವಾಗ ಅವಳು ಬದಲಿಸುತ್ತಿದ್ದಾಳೆಂಬುದು ಪೈಲ್ವಾನನಿಗೆ ಗೊತ್ತಾಗುತ್ತದೆ, ಏನನ್ನು ಬದಲಿಸಿದಳೆಂಬುದು ಮಾತ್ರ ಗೊತ್ತಾಗುವುದಿಲ್ಲ.

2024ರ ಪರಿಷ್ಕೃತ ಗ್ರಂಥದಲ್ಲಿ ಮಾಂಕ್ ವರ್ಗದಿಂದ ಸರ್ವಭಾಷೆಯ ಶಕ್ತಿಯನ್ನು ತೆಗೆದುಹಾಕಿದ್ದಾರೆಂದು ಆಮೇಲೆ ತಿಳಿಯಿತು. ನಮ್ಮ ಹುಡುಗರು ಆಡುತ್ತಿದ್ದುದು 2014ರ ಹಳೆಯ ಪುಸ್ತಕದಿಂದ. ಹೊಸದನ್ನು ಕೊಳ್ಳೋಣವೇ ಎಂದು ಯಾರೋ ಕೇಳಿದರು, ಬೇಡವೆಂದರು.

ಈ ವರ್ಷ ಜನವರಿಯಲ್ಲಿ ಪೈಲ್ವಾನನು ಹದಿನೈದನೆಯ ಮಟ್ಟವನ್ನು ಮುಟ್ಟಿದನು. ಅವನಿಗೆ ಇನ್ನು ಅನ್ನವೂ ಬೇಡ ನೀರೂ ಬೇಡ ಎಂದು ಗ್ರಂಥ ಹೇಳುತ್ತದೆ. ಈ ಬಾರಿ ಯಾರೂ ನನ್ನ ಬಳಿಗೆ ಬರಲಿಲ್ಲ. ನಾನೇ ಕುತೂಹಲ ತಡೆಯಲಾರದೆ ಕೇಳಿದಾಗ ಹುಡುಗನು, "ಪುಸ್ತಕಕ್ಕೆ ಗೊತ್ತು ಸಾರ್, ಆದರೆ ಪೈಲ್ವಾನನಿಗೆ ಇನ್ನೂ ಯಾರೂ ತಿಳಿಸಿಲ್ಲ" ಎಂದನು.